ಚಿಕ್ಕವ್ವನ ಪಿಕಪ್ಪಿಗೆ ಉಸಿರು ಕಟ್ಟಿದ್ದು

ನಮ್ಮ ಚಿಕ್ಕವ್ವನಿಗೆ ರಿವರ್ಸ್ ಗೇರ್ ಇಲ್ಲ. ಅವಳ ಪಿಕಪ್ಪಿಗೆ ಇದೆ. ನಾನೇ ನೋಡಿದ್ದೇನೆ, ಗೇರಿನ ತಲೆಯ ಮೇಲೆ ಅಂದವಾಗಿ ಬರೆದೂ ಇದೆ. ಇಲ್ಲದಿರುವುದು ಚಿಕ್ಕವ್ವನಿಗೆ. ಲೈಸೆನ್ಸಿನ ಪರೀಕ್ಷೆಯ ದಿನ ಒಂದು ಸಲ ಹಿಂದಕ್ಕೆ ಹೋಗಿದ್ದಳಂತೆ. ಅದೇ ಮೊದಲು, ಅದೇ ಕೊನೆ. ಕೇಳಿದರೆ, "ಮುಂದಕ್ಕೆ ಇಷ್ಟು ದೊಡ್ಡ ರೋಡು ಐತೆ, ಹಿಂದಕ್ಕೆ ಯಾಕ್ಲಾ ಹೋಗ್ಬೇಕು?" ಎನ್ನುತ್ತಾಳೆ.

ಮಾಗಡಿ ಕಡೆ ನೆಂಟರ ಮದುವೆಗೆ ಹೋಗಿದ್ದಾಗ ಛತ್ರದ ಪಕ್ಕದ ಸಂದಿಗೆ ಗಾಡಿ ನುಗ್ಗಿಸಿದಳು. ಸಂದಿ ಹೋಗಿ ಮುಗಿದದ್ದು ಅಡುಗೆಮನೆಯ ಹಿತ್ತಿಲಲ್ಲಿ. ಬೇರೆಯವರಾದರೆ ಹಿಂದಕ್ಕೆ ಬರುತ್ತಿದ್ದರು. ಚಿಕ್ಕವ್ವ ಹಾರ್ನ್ ಹೊಡೆದಳು. ಭಟ್ಟರು ಸಾರಿನ ಕೊಳಗ ಎತ್ತಿಕೊಂಡು ಗೋಡೆಗೆ ಅಂಟಿ ನಿಂತರು, ತರಕಾರಿ ಹೆಚ್ಚುತ್ತಿದ್ದ ಹೆಂಗಸರು ಈಳಿಗೆಮಣೆ ಸಮೇತ ಎದ್ದು ಓಡಿದರು. ಗಾಡಿ ಒಲೆಗಳ ನಡುವೆ ನಿಧಾನವಾಗಿ ಹಾದು ಹಿಂದಿನ ಗೇಟಿನಿಂದ ಆಚೆ ಬಂತು. ಹಾಗೆ ಬರುವಾಗ ಕಿಟಕಿಯಿಂದ ಕೈ ಚಾಚಿ, ಒಂದು ಸೌಟು ಸಾರು ಈಸಿಕೊಂಡು ರುಚಿ ನೋಡಿ, "ಉಪ್ಪು ಸಾಲ್ದು" ಎಂದು ಬೇರೆ ಹೇಳಿದಳಂತೆ!

ಚಿಕ್ಕವ್ವ, ಚಿಕ್ಕಪ್ಪ ಇರುವುದು ದೊಡ್ಡಆಲಹಳ್ಳಿಯ ಹತ್ತಿರ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕಣೆ, ಬೆಳೆದ ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಹರಾಜಿಗೆ ಹಾಕುವುದು: ಇದೇ ಅವರ ಬದುಕು. ಪಿಕಪ್ ಕೊಂಡಾಗ ಓಡಿಸಲು ಕಲಿಯಬೇಕಾಗಿದ್ದವನು ಚಿಕ್ಕಪ್ಪ. ಅವನು ಮೊದಲ ದಿನವೇ ಹುಲ್ಲಿನ ಮೆದೆಗೆ ಗುದ್ದಿ, ಎಂಜಿನ್ ಕೂಡ ಆರಿಸದೆ ಇಳಿದು, ನಡೆದುಕೊಂಡು ಮನೆಗೆ ಹೋಗಿ ಮಜ್ಜಿಗೆ ಕುಡಿದು ಮಲಗಿಬಿಟ್ಟ. ಅಂದಿನಿಂದ ಸ್ಟೀರಿಂಗು ಚಿಕ್ಕವ್ವನ ಕೈಯಲ್ಲಿದೆ, ಚಿಕ್ಕಪ್ಪ ಹಿಂದೆ ಲೋಡಿನ ಜೊತೆ ಕೂರುತ್ತಾನೆ. ಮುಂದಿನ ಸೀಟು ಖಾಲಿ ಇದ್ದರೂ ಹಿಂದೆಯೇ. "ಅಲ್ಲಿ ಗಾಳಿ ಚೆನ್ನಾಗಿ ಬತ್ತದೆ ಕಣಪ್ಪ" ಎನ್ನುತ್ತಾನೆ. ಚಿಕ್ಕವ್ವನ ಮಾತು ಅಲ್ಲಿಗೆ ಕೇಳಿಸುವುದಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ!

ಇನ್ನು ನಾನು. ಬಿಡದಿಯ ಒಂದು ಕಾರ್ ಕಾರ್ಖಾನೆಯಲ್ಲಿ ನನ್ನ ಕೆಲಸ ಬಾಗಿಲಿನ ಅಂಚಿಗೆ ರಬ್ಬರು ಕೂರಿಸುವುದು. ಬಾಗಿಲು ಬರುತ್ತದೆ, ರಬ್ಬರು ಒತ್ತುತ್ತೇನೆ, ಬಾಗಿಲು ಹೋಗುತ್ತದೆ. ಆ ಬಾಗಿಲಿನಾಚೆ ಕಾರಿನಲ್ಲಿ ಏನೇನಿದೆ ಎಂಬುದು ನಿಮಗೆಷ್ಟು ಗೊತ್ತೋ ನನಗೂ ಅಷ್ಟೇ. ಆದರೆ ಚಿಕ್ಕವ್ವನ ಪಾಲಿಗೆ ನಾನು 'ಕಾರು ಮಾಡೋನು'. ಊರಿನಲ್ಲಿ ಯಾರ ಟ್ರ್ಯಾಕ್ಟರ್ ಕೆಮ್ಮಿದರೂ, ಯಾರ ಸ್ಕೂಟರ್ ಕುಂಟಿದರೂ, "ತಾಳ್ರಿ, ನಮ್ಮ ಹುಡುಗುನ್ನ ಕೇಳ್ತೀನಿ" ಎಂದು ನನಗೆ ಫೋನು ಬರುತ್ತದೆ.

ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಬಂದ ಫೋನು ಮಾತ್ರ ಅವಳದೇ ಗಾಡಿಯದು.

"ಮಗಾ, ಗಾಡಿ ಉಸ್ರು ಕಟ್ಬುಡ್ತು ಕಣ್ಲಾ. ಬೇಗ ಬಾ."

"ಎಲ್ಲಿದ್ದೀಯ ಚಿಕ್ಕವ್ವ?"

"ರೋಡಲ್ಲಿ."

"ಯಾವ ರೋಡಲ್ಲಿ?"

"ಟಾರ್ ರೋಡಲ್ಲಿ!"

ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿಸಿತು. "ಕನಕಪುರ ದಾಟಿ, ರಾಮನಗರದ ಕಡೆ ಕಣಪ್ಪ. ಹೊಂಗೆ ಮರದ ತಾವ."

ನನಗೆ ಆ ವಾರ ಎರಡನೇ ಪಾಳಿ. ರಾಮನಗರದ ಬಾಡಿಗೆ ಮನೆಯಿಂದ ಬೈಕು ಹತ್ತಿ ಹೊರಟೆ. ನಗುವ ಹೊತ್ತೂ ಅದಾಗಿರಲಿಲ್ಲ. ಅವರ ಹಿಂದಿನ ಬೆಳೆ ಹಾಲುತೊಂಡೆ ರೋಗಕ್ಕೆ ಸಿಕ್ಕಿ, ಹುಳಗಳನ್ನು ಮಂಕರಿಗಟ್ಟಲೆ ಹೊತ್ತು ಗುಂಡಿಗೆ ಸುರಿದಿದ್ದರು. ಈ ಸಲದ ಗೂಡು ಚೆನ್ನಾಗಿ ಬಂದಿತ್ತು. ಆದರೆ ಬೇಸಿಗೆಯ ಬಿಸಿಲಿನಲ್ಲಿ ಚೀಲದೊಳಗೆ ಬೆವರುತ್ತ ಕೂತರೆ ಒಳಗಿನ ಹುಳ ಸತ್ತು ನೂಲಿಗೆ ಕಲೆ ಹತ್ತುತ್ತದೆ. ಅಂಥ ಗೂಡನ್ನು ಯಾರೂ ಮೂಸುವುದಿಲ್ಲ.

ನಾನು ತಲುಪುವ ಹೊತ್ತಿಗೆ ಗಾಡಿಯ ಸುತ್ತ ಒಂದು ಸಭೆಯೇ ಸೇರಿತ್ತು. ಟ್ರ್ಯಾಕ್ಟರಿನವನು ಬ್ಯಾಟರಿ ಹೋಗಿದೆ ಎಂದ. ಹಾಲಿನ ಕ್ಯಾನಿನವನು ಪ್ಲಗ್ ಎಂದ. ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ದೃಷ್ಟಿ ತಾಗಿದೆ ಎಂದಳು. ಚಿಕ್ಕವ್ವ ಎಲ್ಲರನ್ನೂ ಕರೆದು ಕರೆದು ಕೇಳುವುದು, ಹೇಳಿದ ತಕ್ಷಣ "ಅದಲ್ಲ ಬುಡಣ್ಣ" ಎಂದು ತಳ್ಳಿಹಾಕುವುದು. ಅವಳ ತೀರ್ಮಾನ ಆಗಲೇ ಆಗಿತ್ತು: "ಇದು ಹೊಟ್ಟೆ ಕಾಯ್ಲೆ."

"ಪೆಟ್ರೋಲ್ ಇದೆಯಾ ಚಿಕ್ಕವ್ವ?" ಎಂದೆ. ಮುಳ್ಳು ಕೆಂಪು ಗೆರೆಯ ಮೇಲೆ ಮಲಗಿತ್ತು. ಅದು ಯಾವತ್ತೂ ಅಲ್ಲೇ ಮಲಗಿರುತ್ತದೆ. ಎದ್ದು ಕೂತದ್ದನ್ನು ನಾನು ನೋಡಿಯೇ ಇಲ್ಲ.

"ಇರ್ಬೇಕಾದಷ್ಟು ಐತೆ. ಜಾಸ್ತಿ ತಿನ್ಸಬಾರ್ದು ಕಣ್ಲಾ. ಹೊಟ್ಟೆ ಬಿರಿಯ ಮೇಯ್ದ ಎತ್ತು ಉಳ್ತದಾ? ಮಲೀಕತದೆ!"

ಎತ್ತಿಗೂ ಎಂಜಿನ್ನಿಗೂ ಇರುವ ವ್ಯತ್ಯಾಸ ವಿವರಿಸುವಷ್ಟು ಧೈರ್ಯ ನನಗಿಲ್ಲ. ಎಲ್ಲರೂ 'ಕಾರು ಮಾಡೋನ' ಮುಖ ನೋಡುತ್ತಿದ್ದರು. ನಾನು ಬಾಗಿಲು ತೆಗೆದೆ, ಹಾಕಿದೆ, ರಬ್ಬರು ಒತ್ತಿ ನೋಡಿದೆ. "ಬಾಗಿಲೇನೋ ಗಟ್ಟಿಯಾಗಿದೆ ಚಿಕ್ಕವ್ವ" ಎಂದೆ. ಮೇಕೆಯ ಅಜ್ಜಿ ತಲೆ ಚಚ್ಚಿಕೊಂಡಳು.

ಕೊನೆಗೆ, ಅದೇ ರಸ್ತೆಯಲ್ಲಿ ಮುಂದೆ ಶೆಡ್ಡು ಇಟ್ಟುಕೊಂಡಿರುವ, ನನಗೆ ಪರಿಚಯದ ಮೆಕ್ಯಾನಿಕ್ ಬಾಬಣ್ಣನಿಗೆ ಫೋನು ಮಾಡಿದೆ. ಬಾಬಣ್ಣ ಬಂದವನೇ ಚಿಕ್ಕವ್ವನನ್ನು ಸ್ಟಾರ್ಟ್ ಮಾಡಲು ಹೇಳಿದ. ಎಂಜಿನ್ ಕರಕರ ತಿರುಗಿತು, ಹತ್ತಿಕೊಳ್ಳಲಿಲ್ಲ. "ಬ್ಯಾಟರಿ ಚೆನ್ನಾಗೈತೆ. ಪೆಟ್ರೋಲ್ ಮುಂದಕ್ಕೆ ಬತ್ತಾ ಇಲ್ಲ" ಎಂದ. "ಟ್ಯಾಂಕಿನೊಳಗೆ ಒಂದು ಪಂಪು ಇರ್ತದೆ ಕಣವ್ವ, ಪೆಟ್ರೋಲ್‌ನ ಎಂಜಿನ್ ಕಡೆ ತಳ್ಳಕ್ಕೆ. ಕೀ ತಿರುಗಿಸಿದ ತಕ್ಷಣ ಅದು 'ಗುಂಯ್' ಅನ್ಬೇಕು. ಒಸಿ ಎಲ್ಲಾರೂ ಸುಮ್ಕಿರಿ, ಕಿವಿ ಕೊಟ್ಟು ಕೇಳ್ತೀನಿ."

ಸುಮ್ಮನಿರುವುದು! ಚಿಕ್ಕವ್ವನ ಎದುರಿಗೆ!

ಬಾಬಣ್ಣ ಟ್ಯಾಂಕಿಗೆ ಕಿವಿ ಹಚ್ಚಿದ. ನಾನು ಕೀ ತಿರುಗಿಸಿದೆ. "ಏ, ಎಲ್ಲಾರೂ ಸುಮ್ಕಿರ್ರೋ, ಬಾಬಣ್ಣ ಕೇಳ್ಬೇಕಂತೆ!" ಎಂದು ಚಿಕ್ಕವ್ವ ಕೂಗಿದಳು. ಏನೂ ಕೇಳಿಸಲಿಲ್ಲ. ಮತ್ತೆ ತಿರುಗಿಸಿದೆ. "ಈಗ ಕೇಳ್ತಾ?" ಎಂದಳು. ಮತ್ತೊಮ್ಮೆ. "ನಾನಂತೂ ತುಟಿ ಬಿಚ್ಚಿಲ್ಲಪ್ಪ, ಈ ಟ್ರ್ಯಾಕ್ಟರ್‌ನೋನೇ ಮಾತಾಡ್ತಾ ಇರೋದು" ಎಂದಳು. ಟ್ರ್ಯಾಕ್ಟರಿನವನು ಪಾಪ ಆಗಲೇ ಹೊರಟುಹೋಗಿದ್ದ.

ಬಾಬಣ್ಣ ದಣಿದು ಮಣ್ಣಿನ ಮೇಲೆ ಕೂತ. ಆಗ ಚಿಕ್ಕಪ್ಪ ಹಿಂದಿನಿಂದ ಇಳಿದು ಬಂದ. ಸೊಂಟದ ಚೀಲ ಬಿಚ್ಚಿ, ಯಾವತ್ತಿಗಿಂತ ದಪ್ಪಗೆ ಎಲೆ ಅಡಿಕೆ ಮಡಿಸಿ ಚಿಕ್ಕವ್ವನ ಕೈಗಿಟ್ಟ. ಬೆಳಗ್ಗೆಯಿಂದ ಹಾಕಿರಲಿಲ್ಲವಲ್ಲ, ಅವಳು ಒಂದೇ ಬಾಯಿಗೆ ತುಂಬಿಕೊಂಡಳು. ಆ ಕೆನ್ನೆ ಉಬ್ಬಿದ ಗಳಿಗೆಯಲ್ಲಿ ರಾಮನಗರದ ರಸ್ತೆ ಎಷ್ಟು ನಿಶ್ಶಬ್ದವಾಯಿತೆಂದರೆ ಮೇಕೆ ಮೆಲುಕು ಹಾಕುವುದೂ ಕೇಳಿಸಿತು. ನಾನು ಕೀ ತಿರುಗಿಸಿದೆ. ಟ್ಯಾಂಕಿನಿಂದ ಮಾತ್ರ ಏನೂ ಕೇಳಿಸಲಿಲ್ಲ.

"ಪಂಪು ಹೋಗೈತೆ" ಎಂದ ಬಾಬಣ್ಣ. ಆದರೂ ಫ್ಯೂಸ್ ತೆಗೆದು ನೋಡಿದ, ಸರಿಯಿತ್ತು. ಪಂಪಿಗೆ ಹೋಗುವ ವೈರಿನ ತುದಿಗೆ ಪುಟ್ಟ ಬಲ್ಬು ಹಿಡಿದ, ಹತ್ತಿಕೊಂಡಿತು. "ಕರೆಂಟ್ ಬತ್ತೈತೆ, ಪಂಪು ತಿರುಗ್ತಿಲ್ಲ. ಇದೇ ಕಾಯ್ಲೆ." ಆಮೇಲೆ ರಬ್ಬರ್ ಸುತ್ತಿಗೆ ತೆಗೆದುಕೊಂಡು ಟ್ಯಾಂಕಿನ ತಳಕ್ಕೆ ಮೆಲ್ಲಗೆ ಬಡಿಯುತ್ತ, ಸ್ಟಾರ್ಟ್ ಮಾಡಿ ಎಂದ. ಸಿಕ್ಕಿಹಾಕಿಕೊಂಡಿದ್ದ ಪಂಪು ಬೆಚ್ಚಿಬಿದ್ದು ತಿರುಗಿತೋ ಏನೋ, ಎಂಜಿನ್ ಹತ್ತಿಕೊಂಡೇಬಿಟ್ಟಿತು!

ಚಿಕ್ಕವ್ವ ಎಲೆಯ ರಸ ಉಗಿದು, "ನೋಡ್ದಾ? ಸೊಕ್ಕು ಅದ್ಕೆ! ಏಟು ಬಿದ್ರೆ ನೆಟ್ಟಗಾಯ್ತದೆ" ಎಂದು ನೇರ ಮಾರ್ಕೆಟ್ಟಿಗೇ ಹೊರಡಲು ಸಿದ್ಧಳಾದಳು. ಬಾಬಣ್ಣ ಅಡ್ಡ ನಿಂತ. "ಇದು ನಂಬ್ಕೊಳ್ಳೋ ಹಂಗಿಲ್ಲ ಅವ್ವ. ಸೀದಾ ಶೆಡ್ಡಿಗೆ ತನ್ನಿ." ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ಅವನು ಮುಂದೆ ಹೋದ.

ಅವನು ಹೇಳಿದ್ದೇ ಆಯಿತು. ಒಂದು ತಿರುವು ದಾಟುವಷ್ಟರಲ್ಲಿ ಗಾಡಿ ಮತ್ತೆ ಉಸಿರು ಕಟ್ಟಿತು. ನಾನು ಬೈಕು ನಿಲ್ಲಿಸಿ, ಅಂಗಿ ಕೊಳೆಯಾಗುವುದನ್ನು ಲೆಕ್ಕಿಸದೆ ರಸ್ತೆಯ ಮೇಲೆ ಅಂಗಾತ ಮಲಗಿ ಬಡಿದೆ. ಹತ್ತಿಕೊಂಡಿತು. ಮುಂದೆ ಹೋಗಿ ಮತ್ತೆ ನಿಂತಿತು. ಮತ್ತೆ ಬಡಿದೆ. ಮೇಲಿನಿಂದ ಚಿಕ್ಕವ್ವ, "ಇನ್ನೊಸಿ ಬಲವಾಗಿ ಹೊಡಿಲಾ, ನಿಮ್ಮವ್ವ ನಿಂಗೆ ಅನ್ನ ಹಾಕಿಲ್ವಾ?" ಎಂದು ಹುರಿದುಂಬಿಸುತ್ತಿದ್ದಳು. ಪಕ್ಕದಲ್ಲಿ ನಿಧಾನವಾಗಿ ಹಾದುಹೋದ ಬಸ್ಸಿನಿಂದ ಯಾರೋ ತಲೆ ಹೊರಗೆ ಹಾಕಿ ಬಹಳ ಕಳಕಳಿಯಿಂದ ಕೇಳಿದರು: "ಅಷ್ಟು ಹೊಡೀತೀಯಲ್ಲ, ಗಾಡಿ ಏನಣ್ಣ ತಪ್ಪು ಮಾಡ್ತು?"

ಹೇಗೋ ಶೆಡ್ಡು ಬಂತು. ಬಾಬಣ್ಣ ಉತ್ಸಾಹದಿಂದ ಕೈ ಬೀಸಿದ. "ಹಂಗೇ ರಿವರ್ಸ್ ಹಾಕಿ ಒಳಗೆ ಬುಡಿ ಅವ್ವ!"

ಚಿಕ್ಕಪ್ಪ ಆಕಾಶ ನೋಡಿದ. ನಾನು ನನ್ನ ಚಪ್ಪಲಿ ನೋಡಿದೆ. ಚಿಕ್ಕವ್ವ ಶೆಡ್ಡನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು, "ಇದ್ಕೆ ಹಿಂದ್ಗಡೆ ಬಾಗ್ಲಿಲ್ವಾ?" ಎಂದಳು. ಇರಲಿಲ್ಲ. ಆಮೇಲೆ ಅವಳು ಸ್ಟೀರಿಂಗ್ ಹಿಡಿದು ರಾಣಿಯ ಹಾಗೆ ಮುಂದಕ್ಕೇ ನೋಡುತ್ತ ಕೂತಳು, ನಾವು ಮೂವರೂ ಲೋಡು ಸಮೇತ ಗಾಡಿಯನ್ನು ಹಿಂದಕ್ಕೆ ದಬ್ಬಿದೆವು. ಅವಳ ಲೆಕ್ಕದಲ್ಲಿ ಹಿಂದಕ್ಕೆ ಹೋದದ್ದು ನಾವು!

ಪೆಟ್ರೋಲಿನ ವಾಸನೆ ಗೂಡಿಗೆ ತಾಗಬಾರದೆಂದು ಚೀಲಗಳನ್ನೆಲ್ಲ ಇಳಿಸಿ, ಶೆಡ್ಡಿನ ಪಕ್ಕದ ಗೋಡೆಯ ನೆರಳಲ್ಲಿ ಬಾಯಿ ಬಿಚ್ಚಿ ಸಾಲಾಗಿ ಇಟ್ಟೆವು. ಚಿಕ್ಕಪ್ಪ ಕಾವಲು ಕೂತ. ಬಾಬಣ್ಣ ಗಾಡಿಯ ಕೆಳಗೆ ಜಾಕ್ ಕೊಟ್ಟು ಟ್ಯಾಂಕು ಇಳಿಸಿದ. ಮೊದಲು ಅದನ್ನು ಖಾಲಿ ಮಾಡಬೇಕಂತೆ. ಆ ಕೆಲಸವನ್ನು ಚಿಕ್ಕವ್ವ ಮೊದಲೇ ಮಾಡಿದ್ದಳು! ಅಷ್ಟರಲ್ಲಿ ಬೀಡಿ ಸೇದುತ್ತ ಇಣುಕಿದ ದಾರಿಹೋಕನೊಬ್ಬನನ್ನು ಅವಳು ಅಟ್ಟಿಸಿಕೊಂಡು ಹೋದ ರಭಸಕ್ಕೆ ಅವನು ಬೀಡಿ ಬಿಡುವುದಿರಲಿ, ಆ ರಸ್ತೆಯನ್ನೇ ಬಿಟ್ಟಿರಬೇಕು.

ಮೇಲಿನ ಬಿರಡೆ ತಿರುಗಿಸಿ ಬಾಬಣ್ಣ ಪಂಪನ್ನು ಎತ್ತಿದ. ಸಣ್ಣ ಲೋಟದಷ್ಟು ಗಾತ್ರ. ಅದರ ಬುಡದ ಜಾಲರಿಗೆ ಕಪ್ಪು ಗಸಿ ಮೆತ್ತಿಕೊಂಡಿತ್ತು.

"ಇದು ಯಾವಾಗ್ಲೂ ಪೆಟ್ರೋಲಲ್ಲಿ ಮುಳುಗಿರ್ಬೇಕು ಕಣವ್ವ. ಪೆಟ್ರೋಲೇ ಇದನ್ನ ತಣ್ಣಗೆ ಇಡೋದು. ನೀವು ತಳದಲ್ಲಿ ಒಸಿ ಒಸಿ ಹಾಕಿಸ್ಕಂಡು ಓಡಿಸಿ ಓಡಿಸಿ, ಬಿಸಿಯಾಗಿ ಬೆಂದೋಗೈತೆ."

ಚಿಕ್ಕವ್ವ ಪಂಪನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಅಂದ್ರೆ ಇದು ಬಾಯಾರ್ಕೊಂಡು ಸತ್ತೋಯ್ತಾ?" ಎಂದಳು. ಮುಖ ನಿಜಕ್ಕೂ ಬಾಡಿತು. ಅದು ಇದ್ದದ್ದು ಒಂದೇ ಗಳಿಗೆ. ತಕ್ಷಣ ನನ್ನ ಕಡೆ ತಿರುಗಿ, "ಕಾರು ಮಾಡೋನು ಅಂತೀಯ, ಬಾಯಿ ಬುಟ್ಟು ಹೇಳಕ್ಕೇನ್ಲಾ ಆಗಿತ್ತು ನಿಂಗೆ?" ಎಂದಳು. ನೋಡಿ, ತಪ್ಪು ಬಂದು ಸೇರಿದ್ದು ಎಲ್ಲಿಗೆ!

ಹೊಸ ಪಂಪು ತರಲು ನಾನೇ ಪೇಟೆಗೆ ಓಡಿದೆ. ಸ್ಪೇರ್ಸ್ ಅಂಗಡಿಯವನು ಯಾವ ಮಾಡೆಲ್ ಎಂದು ಕೇಳಿದ. ಚಿಕ್ಕವ್ವನಿಗೆ ಫೋನು ಮಾಡಿದೆ. "ಬಿಳೀದು ಅನ್ನು" ಎಂದಳು. ಅದೃಷ್ಟಕ್ಕೆ ಬಾಬಣ್ಣ ಹಳೆಯ ಪಂಪನ್ನು ಕವರಿನಲ್ಲಿ ಹಾಕಿ ಕೊಟ್ಟಿದ್ದ. ಅದನ್ನು ನೋಡಿ ಅಂಗಡಿಯವನು ಅಂಥದ್ದೇ ತೆಗೆದುಕೊಟ್ಟ, ಜೊತೆಗೆ ಬಿರಡೆಯ ಹೊಸ ವಾಷರು.

ಬಾಬಣ್ಣ ಟ್ಯಾಂಕು ತೊಳೆದು, ಪಂಪು ಕೂರಿಸಿ, ಮೇಲೇರಿಸಿ, ಪೈಪು ವೈರು ಸಿಕ್ಕಿಸಿದ. ನಾನು ಕ್ಯಾನಿನಲ್ಲಿ ತಂದಿದ್ದ ಪೆಟ್ರೋಲನ್ನು ಸುರಿದ. "ಈಗ ನೀವೇ ಕೇಳಿ ಅವ್ವ" ಎಂದು ಕೀ ತಿರುಗಿಸಿದ. ಚಿಕ್ಕವ್ವ ನೆಲದ ಮೇಲೆ ಕೂತು ಟ್ಯಾಂಕಿಗೆ ಕೆನ್ನೆ ಆನಿಸಿದಳು. 'ಗುಂಯ್' ಎಂದಿತು. "ಗುಂಯ್ ಅಂತದೆ! ಅಂತದೆ ಕಣ್ಲಾ ಮಗ!" ಎಂದು ಅವಳು ಕುಣಿದದ್ದಕ್ಕೆ ಮೂಲೆಯಲ್ಲಿದ್ದ ಸ್ಪ್ಯಾನರುಗಳೆಲ್ಲ ತಟ್ಟೆಯಲ್ಲಿ ಗಲಗಲ ಎಂದವು. ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. "ನಡೀರ್ರಿ, ನಡೀರ್ರಿ, ಮಧ್ಯಾಹ್ನದ ಹರಾಜು ತಪ್ಪೋಯ್ತದೆ!" ಎನ್ನುತ್ತ ಚಿಕ್ಕಪ್ಪನನ್ನು ಕರೆಯಲು ಗೋಡೆಯ ಕಡೆ ಓಡಿದಳು.

ಗೂಡು ಆ ದಿನವೇ ಮಾರಾಟವಾಯಿತು, ಒಳ್ಳೆಯ ಬೆಲೆಗೇ ಹೋಯಿತು. ಅದು ಆಮೇಲಿನ ಮಾತು. ಓಡಿದ ಚಿಕ್ಕವ್ವ ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನಾನು ಹುಡುಕಿಕೊಂಡು ಹೋದೆ.

ಬಿಸಿಲು ಸರಿದಿತ್ತು. ಗೋಡೆಯ ನೆರಳು ಕಿರಿದಾದ ಹಾಗೆಲ್ಲ ಚಿಕ್ಕಪ್ಪ ಚೀಲಗಳನ್ನು ಒಳಕ್ಕೆ ಎಳೆದೆಳೆದು, ತನಗೆ ಜಾಗ ಉಳಿಯದೆ ಬಿಸಿಲಲ್ಲೇ ಕೂತು, ಕೂತಲ್ಲೇ ನಿದ್ದೆ ಹೋಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಚಿಕ್ಕವ್ವ ಅವನ ಮುಂದೆ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಅವನ ಮುಖಕ್ಕೆ ನೆರಳು ಮಾಡಿದ್ದಳು.

"ಚಿಕ್ಕವ್ವ, ಹರಾಜಿಗೆ ಹೊತ್ತಾಯಿತು" ಎಂದೆ.

"ಶ್! ಹುಳ ಹಣ್ಣಾಗಿ ಗೂಡು ಕಟ್ಟಕ್ಕೆ ಸುರು ಮಾಡ್ದಾಗ್ನಿಂದ ಇವ್ರು ಕಣ್ಣು ಮುಚ್ಚಿಲ್ಲ ಕಣ್ಲಾ" ಎಂದಳು, ನಾನು ಅವಳ ಬಾಯಲ್ಲಿ ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ. "ಒಸಿ ಮಲಗ್ಲಿ. ಹೋಗು, ಆ ಗಾಡಿ ಆರುಸ್ಬುಡು. ಸದ್ದಿಗೆ ಎದ್ಬುಡ್ತಾರೆ."

ನಾನು ಹೋಗಿ ಎಂಜಿನ್ ಆರಿಸಿ ಬಂದೆ. ಚಿಕ್ಕವ್ವ ಈಗ ಸೆರಗಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಿಡುವಾದ ಕೈಯಿಂದ ಅವನ ಹಣೆಯ ಬೆವರಿಗೆ ಮೆಲ್ಲಗೆ ಗಾಳಿ ಬೀಸುತ್ತಿದ್ದಳು.