ಮಳೆಯ ವಾದ್ಯಮೇಳ

ವಿಜ್ಞಾನದ ಮೇಷ್ಟರಿಗೆ ಸಂಗೀತದ ಹುಚ್ಚು ಹಿಡಿದರೆ ಅದರ ಬಿಸಿ ಮೊದಲು ತಟ್ಟುವುದು ಅಡುಗೆಮನೆಗೆ. ನನ್ನ ಸ್ವರಜ್ಞಾನ ಅಷ್ಟಕ್ಕಷ್ಟೆ. ಹಾರ್ಮೋನಿಯಂ ಯಾವುದು, ನೆರೆಮನೆಯ ಬಾಗಿಲು ಕಿರುಗುಟ್ಟಿದ್ದು ಯಾವುದು ಎಂದು ದೂರದಿಂದ ಹೇಳಲಾರೆ. ಆದರೂ ಎರಡನೇ ಮಹಾಯುದ್ಧದ ಕಾಲದಲ್ಲಿ ಹೊನ್ನಾಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಹೊಳೆಯ ನೀರು ಆವಿಯಾಗಿ, ಮೋಡವಾಗಿ, ಮಳೆಯಾಗಿ ಇಳಿಯುವುದನ್ನು ವಾದ್ಯಗಳಲ್ಲಿ ಕೇಳಿಸಿದರೆ ಮಕ್ಕಳು ಮರೆಯುವುದಿಲ್ಲ ಎಂದು ನನಗೆ ತೋಚಿತು. ಮಕ್ಕಳಷ್ಟೇ ಏಕೆ, ಮನೆಮಂದಿಯೆಲ್ಲ ಬರಲಿ ಎಂದರು ಹೆಡ್‌ಮಾಸ್ತರರು.

ಗಾಳಿಗೆ ಹಾರ್ಮೋನಿಯಂ, ಗುಡುಗಿಗೆ ಡೊಳ್ಳು, ಹಕ್ಕಿಗೆ ಚನ್ನಗಿರಿಯ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುವ ರುದ್ರಪ್ಪ, ಮಳೆಹನಿಗೆ ಜಲತರಂಗ ಎಂದು ನಿಗದಿಯಾಯಿತು. ಜಲತರಂಗದ ವಿದ್ವಾಂಸರು ಶಿವಮೊಗ್ಗದಿಂದ ಬರಬೇಕು. ಬಸ್ಸಿನಲ್ಲಿ ತಂದರೆ ನೀರು ತುಂಬಿ ನುಡಿಸುವ ಬಟ್ಟಲು ಒಡೆಯುತ್ತವೆ, ನೀವೇ ಹೊಂದಿಸಿಡಿ ಎಂದು ಅವರು ಹೇಳಿಕಳಿಸಿದ್ದರು. ಹೀಗಾಗಿ ನನ್ನ ಹೆಂಡತಿ ಗಿರಿಜೆ ತವರಿನಿಂದ ತಂದಿದ್ದ ಪಿಂಗಾಣಿ ಬಟ್ಟಲುಗಳ ಮೇಲೆ ನನ್ನ ಕಣ್ಣು ಬಿತ್ತು.

"ಒಡೆದ್ರೆ ಏನ್ರಿ ಮಾಡೋದು?" ಎಂದಳು.

"ವಿಜ್ಞಾನಕ್ಕೆ ಸ್ವಲ್ಪ ತ್ಯಾಗ ಮಾಡ್ಬೇಕಾಗ್ತೈತೆ."

"ವಿಜ್ಞಾನ ನಿಮ್ದು, ತ್ಯಾಗ ನಂದು," ಎಂದು ತೆಗೆದುಕೊಟ್ಟಳು.

ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಬಂದೆ. ಒಳಗಿನಿಂದ ತೊಟ್ಟಿಕ್ಕಿದಂಥ ಇಂಪಾದ ಸದ್ದು. ಇಣುಕಿದರೆ ಗಿರಿಜೆ ಬಟ್ಟಲುಗಳಿಗೆ ನೀರು ತುಂಬಿಕೊಂಡು ಎರಡು ಕಡ್ಡಿಗಳಿಂದ ನುಡಿಸುತ್ತಿದ್ದಾಳೆ. ನನ್ನನ್ನು ಕಂಡದ್ದೇ ಕಡ್ಡಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಅಪ್ಪ ಕಲಿಸಿದ್ರು. ಮದ್ವೆ ಆದ್ಮೇಲೆ ಬಿಟ್ಟೋತು. ಅತ್ತೆ ಮುಂದೆ ಹೇಳಬ್ಯಾಡ್ರಿ," ಎಂದಳು. ಸೊಸೆಯಾದವಳು ತಲೆಬಾಗಿಲಲ್ಲಿ ನಿಂತರೂ ಗದರುತ್ತಿದ್ದ ನನ್ನ ಅವ್ವನ ಮುಂದೆ ಹೇಳುವ ಧೈರ್ಯ ನನಗೂ ಇರಲಿಲ್ಲ.

ಮೇಳದ ದಿನ, ಭಾನುವಾರ ಸಂಜೆ, ಶಾಲೆಯ ಸಭಾಂಗಣ ತುಂಬಿತು. ಹೆಂಗಸರಿಗೆ ಒಂದು ಬದಿಗೆ ಚಾಪೆ ಹಾಸಿದ್ದೆವು. ಅಷ್ಟರಲ್ಲಿ ಸೈಕಲ್ಲಿನವನೊಬ್ಬ ಸುದ್ದಿ ತಂದ: ಪೆಟ್ರೋಲ್ ಸಿಗದೆ ಇದ್ದಿಲು ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ನ್ಯಾಮತಿಯಲ್ಲಿ ಕೆಟ್ಟು ನಿಂತಿದೆ, ವಿದ್ವಾಂಸರು ಮರದಡಿ ಕೂತಿದ್ದಾರೆ. ಬಂದುಬಿಡುತ್ತಾರೆಂಬ ಆಸೆಯಿಂದ ಶುರುಮಾಡಿದೆವು. ಗಾಳಿ ಬೀಸಿತು. ರುದ್ರಪ್ಪನ ಕೋಗಿಲೆ ಎರಡು ಸಲ ಕೂಗಿ, ಅಭ್ಯಾಸಬಲದಿಂದ ದಿಬ್ಬಣದ ಹಾಡಿಗೆ ಹೊರಳಿತು. ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿ ನೋಡಿದರು. ಡೊಳ್ಳು ಗುಡುಗಿತು. "ಈಗ ಮಳೆ," ಎಂದೆ. ಮಳೆ ಬರಲಿಲ್ಲ. ಆವಿ ಹನಿಯಾಗುವ ಬಗೆಯನ್ನು ವಿವರಿಸಿದೆ. ಮತ್ತೊಮ್ಮೆ ವಿವರಿಸಿದೆ.

"ಮೇಷ್ಟ್ರೇ, ನಮ್ಮ ಜಗಳೂರು ಕಡೆ ಹಿಂಗೇ ಆಗೋದು," ಎಂದರು ನೆಂಟರ ಮನೆಗೆ ಬಂದಿದ್ದ ಹಿರಿಯರೊಬ್ಬರು. "ಗುಡುಗ್ತೈತೆ, ಬರಾದಿಲ್ಲ."

ಸಭೆಯೆಲ್ಲ ನಕ್ಕಿತು. ನಾನು ಗಿರಿಜೆಯನ್ನು ನೋಡಿದೆ. ಅವಳು ನೆಲ ನೋಡಿದಳು. ಆಗ ಅವಳ ಪಕ್ಕದಲ್ಲಿ ಕೂತಿದ್ದ ಅವ್ವ ಬಾಯಿಬಿಟ್ಟಳು.

"ಏಳೇ ಗಿರಿಜಾ. ಮಧ್ಯಾಹ್ನ ನಾನು ಮಲಗೀನಿ ಅಂದ್ಕಂಡು ಬಾರಿಸ್ತಿಯಲ್ಲ, ಅದನ್ನ ಬಾರ್ಸು."

"ಇಷ್ಟು ಜನದ ಮುಂದೆ ಹೆಂಗೆ ಅತ್ತೆ?"

"ಜನ ಮಳೆಗೆ ಕಾದು ಕುಂತೈತೆ. ನಿನ್ನ ಗಂಡನ ಮಾತು ಎಷ್ಟೊತ್ತು ಕೇಳ್ತಾರೆ?"

ಗಿರಿಜೆ ಸೆರಗು ಹೊದ್ದುಕೊಂಡು ಬಂದು ಬಟ್ಟಲುಗಳ ಮುಂದೆ ಕೂತು, ನೀರು ಹೊಂದಿಸಿ ಕಡ್ಡಿ ಹಿಡಿದಳು. ಮೊದಲ ಹನಿಗಳು ಎಲ್ಲೆಲ್ಲೋ ಬಿದ್ದವು. ಆಮೇಲೆ ಒಂದರ ಹಿಂದೊಂದು, ಮಾಳಿಗೆಯ ಮೇಲೆ, ಎಲೆಯ ಮೇಲೆ, ಕೊನೆಗೆ ಹೊಳೆಯ ಮೇಲೆಯೇ ಸುರಿದಂತೆ. ಡೊಳ್ಳಿನವನು ತಾನಾಗಿ ಸದ್ದು ತಗ್ಗಿಸಿದ. "ಅಂಗಳದಾಗೆ ಮೆಣಸಿನಕಾಯಿ ಒಣಗಾಕಿ ಬಂದೀನಲ್ಲವ್ವ," ಎಂದು ಮುದುಕಿಯೊಬ್ಬಳು ಅರ್ಧ ಎದ್ದೇಬಿಟ್ಟಳು. ಸ್ವರ ತಿಳಿಯದ ನನಗೂ ಅದು ಮಳೆಯೆಂದು ತಿಳಿಯಿತು. ಅವ್ವ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು.

ಮರುವರ್ಷ ಹೆಡ್‌ಮಾಸ್ತರರು ಮನೆಗೆ ಬಂದಾಗ ನಾನು ಗ್ರಹಣದ ಮೇಳದ ಯೋಜನೆ ಹೇಳತೊಡಗಿದೆ. "ತಡೀರಿ, ನಾನು ಕೇಳಾಕೆ ಬಂದಿದ್ದು ಅಮ್ಮನವರನ್ನ," ಎಂದರು. ಗಿರಿಜೆ ಒಪ್ಪಿದಳು, ನಡುವೆ ಯಾರೂ ವಿವರಣೆ ಕೊಡಬಾರದೆಂಬ ಒಂದೇ ಷರತ್ತಿನ ಮೇಲೆ. ನಾನು ಗಂಡಸರ ಬೆಂಚಿನಲ್ಲಿ ಸುಮ್ಮನೆ ಕೂತು ಕೇಳಿದೆ. ಮೇಳ ಹೋದ ವರ್ಷಕ್ಕಿಂತ ಎಷ್ಟೋ ಚೆನ್ನಾಗಿತ್ತೆಂದು ಊರವರೆಲ್ಲ ನನಗೇ ಬಂದು ಹೇಳಿದರು.