ಸ್ಕಾಟ್ಲೆಂಡಿನ ಹಿರಿಯರಿಗೆ ಅಕ್ಕನ ಎಡೆ

ಇನ್ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಯಾರಿಗೋ ಮಗು ಹುಟ್ಟಿ, ಅವರು ಆ ಸುದ್ದಿಯನ್ನು ಚರ್ಚಿನ ಪಾದ್ರಿಗೆ ಮಾತ್ರ ತಿಳಿಸಿ ನನ್ನಕ್ಕನಿಂದ ಮುಚ್ಚಿಟ್ಟಿದ್ದೇವೆ ಅಂದುಕೊಂಡಿದ್ದರೆ, ಅದು ಅವರ ಭ್ರಮೆ! ಅಕ್ಕನಿಗೆ ಗೊತ್ತಾಗಿದೆ. ಮಗುವಿನ ತೂಕ ಒಂದು ಬಿಟ್ಟು ಮಿಕ್ಕದ್ದೆಲ್ಲ ಗೊತ್ತಾಗಿದೆ.

ಹಾಗಂತ ಅಕ್ಕ ಸ್ಕಾಟ್ಲೆಂಡನ್ನು ಕಣ್ಣಾರೆ ಕಂಡವಳಲ್ಲ. ಹುಟ್ಟಿದ್ದು ಮೈಸೂರಿನಲ್ಲಿ, ನರ್ಸಾಗಿ ಬಂದದ್ದು ಆಸ್ಟ್ರೇಲಿಯಾದ ಪರ್ತ್‌ಗೆ. ಅಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದ ಆರಡಿ ಎತ್ತರದ ಕೆಂಪು ಮನುಷ್ಯನೊಬ್ಬನನ್ನು ದಿನಾ ನಾಲ್ಕು ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ಮದುವೆಯವರೆಗೂ ನಡೆಸಿಕೊಂಡು ಹೋದಳು. ಆತನೇ ನಮ್ಮ ಭಾವ. ಮೂವತ್ತು ವರ್ಷ ಸಂಸಾರ ಮಾಡಿ ಭಾವ ಕಲಿತಿರುವ ಕನ್ನಡ ಎರಡೇ ಮಾತು: 'ಸಾಕು' ಮತ್ತು 'ಸರಿ'. ನಮ್ಮಕ್ಕನ ಜೊತೆ ಬಾಳಲು ಅಷ್ಟು ಕನ್ನಡ ಧಾರಾಳವಾಯಿತು.

ನಾನು ತಂಗಿ. ಏಳನೇ ಕ್ಲಾಸಿಗೇ ಸ್ಕೂಲಿಗೆ ದೊಡ್ಡ ನಮಸ್ಕಾರ ಹಾಕಿದವಳು. ನಮ್ಮ ಯಜಮಾನರು ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯಲ್ಲಿ ಹೋಟೆಲೊಂದರ ಅಡುಗೆಯವರು. ನಾನು ಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬಿ ಅಂಗಡಿಗಳಿಗೆ ಹಾಕುತ್ತೇನೆ. ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಶ್ರದ್ಧಾಂಜಲಿಯವರೆಗೂ ಓದಬಲ್ಲೆ. ಇಂಗ್ಲಿಷ್ ಮಾತ್ರ ಒಂದೊಂದೇ ಅಕ್ಷರ. ಇದನ್ನೆಲ್ಲ ಯಾಕೆ ಮೊದಲೇ ಹೇಳುತ್ತಿದ್ದೇನೆ ಅಂದರೆ, ಅಕ್ಕನನ್ನು ಹೊಗಳಲು ಕೂತಿರುವ ನಾನು ಅವಳಿಗೆ ಒಂದು ಸುಳ್ಳು ಹೇಳಿದವಳು. ಒಂದೇ ಒಂದು ಸುಳ್ಳು. ಅದರಿಂದಾಗಿ ನನ್ನಕ್ಕ ಎರಡು ವರ್ಷ ಯಾರ ಮನೆಯ ಹಿರಿಯರಿಗೋ ಪಾಯಸ ಬಡಿಸಿದಳು!

ಆದದ್ದು ಹೀಗೆ. ಭಾವನ ತಂದೆ ತೀರಿಕೊಂಡ ವರ್ಷ, ಮಹಾಲಯ ಅಮಾವಾಸ್ಯೆಗೆ ಅವರಿಗೊಂದು ಎಡೆ ಇಡಬೇಕು ಅಂತ ಅಕ್ಕನಿಗೆ ಅನ್ನಿಸಿತು. ಎಡೆ ಎಂದ ಮೇಲೆ ಮೂರು ತಲೆಮಾರಿನ ಹೆಸರು ಬೇಡವೇ? ತಂದೆಯ ಹೆಸರು ಆಯಿತು, ತಾತನ ಹೆಸರು ಆಯಿತು. ಮುತ್ತಾತನ ಹೆಸರು ಕೇಳಿದರೆ ಭಾವ ಗಡ್ಡ ಕೆರೆದುಕೊಂಡು, "ಜೇಮ್ಸ್ ಇರಬೇಕು" ಅಂದರಂತೆ.

ಅಕ್ಕ ಅವತ್ತೇ ನನಗೆ ಫೋನ್ ಮಾಡಿದಳು. "ಇರಬೇಕಂತೆ ಕಣೇ, ಇರಬೇಕು! ಹಾಲಿನವನ ಹೆಸರು ಮರೆತ್ರೆ ಇರಬೇಕು ಅನ್ನಬಹುದು. ಮುತ್ತಾತಂಗೆ ಇರಬೇಕು ಅಂತಾರಾ? ಎಂಥ ಮನೆಗೆ ಸೇರ್ಕೊಂಡ್ಬಿಟ್ಟೆ ನಾನು!"

"ಈಗ ಗೊತ್ತಾಯ್ತಾ ನಿಂಗೆ? ಮೂವತ್ತು ವರ್ಷ ಆದ್ಮೇಲೆ?" ಅಂದೆ.

ಅಲ್ಲಿಂದ ಶುರುವಾಯಿತು. ಜೇಮ್ಸ್ ಕ್ಯಾಮರನ್ ಅನ್ನುವ ಆ ಮುತ್ತಾತ ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಬ್ರಿಸ್ಬೇನಿಗೆ ಬಂದು, ಅಲ್ಲೇ ಗಂಡ ಹೆಂಡತಿ ಇಬ್ಬರೂ ಮಣ್ಣಾಗಿದ್ದಾರೆ, ಅಲ್ಲೊಂದು ಹಳೆಯ ಸ್ಮಶಾನದಲ್ಲಿ ಬೇಲಿಯಿಂದ ನಾಲ್ಕನೇ ಸಾಲಿನಲ್ಲಿ ಕಲ್ಲಿದೆ ಎಂಬುದು ಅಕ್ಕನ ಮಾವನವರ ಹಳೆಯ ಕಾಗದವೊಂದರಿಂದ ತಿಳಿಯಿತು. ಸ್ಕಾಟ್ಲೆಂಡಿನವರು ಗೋರಿಯ ಕಲ್ಲಿನ ಮೇಲೆ ಹುಟ್ಟೂರನ್ನೂ ಹೆಂಡತಿಯ ತೌರಿನ ಹೆಸರನ್ನೂ ಕೆತ್ತಿಸುತ್ತಾರಂತೆ. ಅವೆರಡು ಸಿಕ್ಕರೆ ಸಾಕು, ಊರಿನ ಚರ್ಚಿನ ದಾಖಲೆ, ಜನಗಣತಿಯ ದಾಖಲೆ ಹಿಡಿದು ಹಿಂದಕ್ಕೆ ಎಷ್ಟು ತಲೆಮಾರು ಬೇಕಾದರೂ ಹೋಗಬಹುದು. ಬ್ರಿಸ್ಬೇನಿನಲ್ಲಿ ಇರುವವಳು ಯಾರು? ನಾನು.

"ಹೋಗಿ ಫೋಟೋ ತೆಗ್ದು ಕಳಿಸೇ."

"ಸ್ಮಶಾನಕ್ಕಾ? ಹೆಂಗಸರು ಹೋಗ್ಬಾರ್ದಲ್ಲ ಅಕ್ಕ!"

"ಅದು ನಮ್ಮೂರ ಸ್ಮಶಾನಕ್ಕೆ. ಇದು ಪಾರ್ಕ್ ಇದ್ದ ಹಾಗೆ, ಜನ ನಾಯಿ ಕರ್ಕೊಂಡು ವಾಕಿಂಗ್ ಬರ್ತಾರೆ. ಇಲ್ಕೇಳು, ಜೇಮ್ಸ್ ಕ್ಯಾಮರನ್ ಅಂದ್ರೆ ಅವರಲ್ಲಿ ನಮ್ಮ ಮಂಜುನಾಥ ಇದ್ದ ಹಾಗೆ, ಎಲ್ಲಿ ನೋಡಿದ್ರೂ ಒಬ್ಬ ಇರ್ತಾನೆ. ಎರಡು ಕಲ್ಲು ಕಂಡ್ರೆ ಎರಡರದ್ದೂ ತೆಗಿ. ಒಂದೂ ಬಿಡ್ಬೇಡ."

ಹೋದೆ. ಯಜಮಾನರು ಗೇಟಿನ ಹೊರಗೇ ಕಾರು ನಿಲ್ಲಿಸಿ, "ನೀನು ಹೋಗ್ಬಾ, ನಾನು ಕಾರು ನೋಡ್ಕೋತೀನಿ" ಅಂದರು. ಕಾರನ್ನು ಯಾರು ಕದಿಯುತ್ತಾರೆ, ಪ್ರೇತಗಳೇ? ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ನಾಲ್ಕನೇ ಸಾಲಿನಲ್ಲಿ ಒಂದು ಬಿಳಿ ಕಲ್ಲು, ಅಕ್ಷರಗಳು ಮುತ್ತಿನ ಹಾಗೆ. ಚೀಟಿಗೆ ಹೊಂದಿಸಿ ನೋಡಿದೆ, ಅದೇ ಹೆಸರು. ಫೋಟೋ ತೆಗೆದೆ. ತಿರುಗಿದರೆ ಐದು ಹೆಜ್ಜೆ ಆಚೆ ಇನ್ನೊಂದು ಕಲ್ಲು. ಕಪ್ಪಗೆ ಪಾಚಿ ಹಿಡಿದು, ಬಳ್ಳಿ ಸುತ್ತಿಕೊಂಡು, ಕ್ಯಾಮರನ್ನಿನ ಮೊದಲ ಮೂರು ಅಕ್ಷರ ಮಾತ್ರ ಕಾಣುತ್ತಿತ್ತು. ಮಿಕ್ಕದ್ದನ್ನು ನೋಡಬೇಕೆಂದರೆ ಮಂಡಿಯೂರಿ ಬಳ್ಳಿ ಬಿಡಿಸಬೇಕು. ಬಿಡಿಸಿದರೂ ಆ ಸವೆದ ಅಕ್ಷರಗಳನ್ನು ಓದುವವರು ಯಾರು? ಸಾಲದ್ದಕ್ಕೆ ಅದರ ನೆತ್ತಿಯ ಮೇಲೆ ಮೊಳದುದ್ದದ ಓತಿಕ್ಯಾತವೊಂದು ಕೂತು, 'ಏನಮ್ಮಾ ಬಂದದ್ದು?' ಅನ್ನುವ ಹಾಗೆ ಕತ್ತು ಕುಣಿಸಿತು. ಓಡಿಬಂದೆ.

ಸಂಜೆ ಅಕ್ಕ ಕೇಳಿದಳು: "ಒಂದೇ ಇತ್ತಾ?"

"ಒಂದೇ ಇತ್ತು" ಅಂದೆ.

ನೋಡಿ, ಅಷ್ಟೇ. ಎರಡು ಪದ.

ಆಮೇಲೆ ಅಕ್ಕನನ್ನು ಹಿಡಿಯುವವರೇ ಇರಲಿಲ್ಲ. ಬಿಳಿ ಕಲ್ಲಿನ ಜೇಮ್ಸನ ಊರು ಗುಡ್ಡಗಾಡಿನದು, ನೇಕಾರರ ಮನೆತನ. ಚರ್ಚಿನ ದಾಖಲೆಗಳಲ್ಲಿ ಪಾದ್ರಿಗಳ ಕೈಬರಹ ಹೇಗಿರುತ್ತದೆಂದರೆ, ಇರುವೆಯೊಂದು ಮಸಿಯಲ್ಲಿ ಬಿದ್ದೆದ್ದು ಕಾಗದದ ಮೇಲೆ ಮನೆಗೆ ಓಡಿಹೋದ ಹಾಗೆ. ಪರ್ತ್‌ನ ಲೈಬ್ರರಿಯೊಂದರಲ್ಲಿ ವಂಶ ಹುಡುಕಲು ವಾರಕ್ಕೊಮ್ಮೆ ಸೇರುವ ಬಿಳಿತಲೆಯ ಸ್ಕಾಟ್ಲೆಂಡ್ ಮೂಲದವರು ಭೂತಗನ್ನಡಿ ಹಿಡಿದು ಒಂದೊಂದು ಸಾಲಿಗೂ ಒದ್ದಾಡುತ್ತಿದ್ದರೆ, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡ ನಮ್ಮಕ್ಕ ಸರಸರನೆ ಓದಿಬಿಡುತ್ತಿದ್ದಳು. "ಮೂವತ್ತು ವರ್ಷ ಡಾಕ್ಟರ್‌ಗಳ ಚೀಟಿ ಓದಿದೀನಿ ಕಣೇ. ಈ ಪಾದ್ರಿ ಯಾವ ಲೆಕ್ಕ!"

ಅವರ ಪದ್ಧತಿಗಳೂ ಅವಳಿಗೆ ಸಲೀಸು. ಮೊದಲ ಗಂಡುಮಗುವಿಗೆ ಗಂಡನ ಅಪ್ಪನ ಹೆಸರು ಇಡುತ್ತಿದ್ದರು ಅಂತ ಗುಂಪಿನ ಹಿರಿಯರು ವಿವರಿಸಲು ಹೊರಟರೆ, "ಮತ್ತೇನು, ಪಕ್ಕದ ಮನೆಯವರ ಅಪ್ಪನ ಹೆಸರು ಇಡ್ತಾರಾ?" ಅಂದವಳು ಅವಳು. ಜನಗಣತಿಯಲ್ಲಿ ಮಾರ್ಗರೆಟ್ ಅನ್ನುವ ಹೆಂಗಸಿಗೆ ಮೂವತ್ತು ವಯಸ್ಸು, ಹತ್ತು ವರ್ಷದ ಮುಂದಿನ ಗಣತಿಯಲ್ಲಿ ಮೂವತ್ತೇಳು, ಅದರ ಮುಂದಿನದರಲ್ಲಿ ನಲವತ್ತೆರಡು. ಬರೆದುಕೊಂಡವನದೇ ತಪ್ಪು ಎಂದು ಗುಂಪೆಲ್ಲ ತೀರ್ಮಾನಿಸಿತು. ಅಕ್ಕ ಒಬ್ಬಳೇ ಒಪ್ಪಲಿಲ್ಲ. "ನಮ್ಮ ಚಿಕ್ಕತ್ತೆ ಇಪ್ಪತ್ತು ವರ್ಷದಿಂದ ಐವತ್ತೈದರಲ್ಲೇ ಇಲ್ವಾ? ಬರ್ಕೊಂಡವನದು ಏನೂ ತಪ್ಪಿಲ್ಲ. ಪಾಪ, ಅವಳು ಹೇಳಿದ್ದು ಬರ್ಕೊಂಡಿದಾನೆ."

ಒಂದು ಬೆಳಿಗ್ಗೆ ಫೋನ್. ದನಿ ಕುಗ್ಗಿದೆ. "ಹೆಲೆನ್ ಹೋಗ್ಬಿಟ್ಳು ಕಣೇ."

ಹಿಟ್ಟು ರುಬ್ಬುವುದನ್ನು ನಿಲ್ಲಿಸಿದೆ. "ಯಾರು, ಪಕ್ಕದ ಮನೆಯವಳಾ?"

"ಅಲ್ವೇ. ಆ ಜೇಮ್ಸ್‌ನ ಅಜ್ಜಿ ತಂಗಿ. ಬಾಣಂತನದಲ್ಲಿ."

"ಯಾವಾಗ ಹೋದ್ಲು?"

"ನೂರೆಪ್ಪತ್ತು ವರ್ಷ ಆಯ್ತು. ನಂಗೆ ಇವತ್ತು ಗೊತ್ತಾಯ್ತು. ತಲೆಗೆ ಸ್ನಾನ ಮಾಡ್ಕೊಂಡು ಬಂದೆ."

ಸಾವಿನ ಸುದ್ದಿ ತಡವಾಗಿ ಕಿವಿಗೆ ಬಿದ್ದರೆ ಬಿದ್ದ ದಿನ ಸ್ನಾನ ಮಾಡಬೇಕು, ಸರಿ. ಆದರೆ ನೂರೆಪ್ಪತ್ತು ವರ್ಷ ತಡ! ನನಗೆ ನಗು ಬಂತು. ನಗುತ್ತಲೇ ಆ ಪಾಚಿ ಹಿಡಿದ ಕಲ್ಲು ನೆನಪಾಯಿತು. ಅಕ್ಕ ತಲೆಗೆ ನೀರು ಹಾಕಿಕೊಂಡಿದ್ದು ಯಾರ ಮನೆಯ ಹೆಲೆನ್‌ಗೋ?

ಮಹಾಲಯದ ಎಡೆಯನ್ನು ನಾನು ಪರ್ತ್‌ಗೆ ಹೋಗಿ ಕಣ್ಣಾರೆ ನೋಡಿದೆ. ಬಾಳೆ ಎಲೆಯ ಮೇಲೆ ಕೋಸಂಬರಿ, ವಡೆ, ಪಾಯಸ. ಪಕ್ಕದಲ್ಲಿ, ಅವರಿಗೂ ಬಾಯಿಗೆ ಹಿಡಿಸಬೇಕಲ್ಲ ಅಂತ ಓಟ್ಸ್ ಗಂಜಿ, ಒಂದು ಪುಟ್ಟ ಲೋಟದಲ್ಲಿ ವಿಸ್ಕಿ. ಭಾವ ಪಂಚೆಯನ್ನು ಬೆಲ್ಟಿನಿಂದ ಬಿಗಿದುಕೊಂಡು ಹಿತ್ತಲಲ್ಲಿ ಕಾಗೆಗೆ ಕಾಯುತ್ತ ನಿಂತರು. ಬಂದದ್ದು ಕಪ್ಪು ಬಿಳುಪಿನ ಮ್ಯಾಗ್‌ಪೈ ಹಕ್ಕಿ. ಇದು ನಡೆಯುತ್ತಾ ಅಂತ ಭಾವ ಇಂಗ್ಲಿಷಿನಲ್ಲಿ ಕೇಳಿದರು.

"ನಡೆಯುತ್ತೆ. ಕಾಗೇನೇ ಅದು, ವಯಸ್ಸಾಗಿ ನೆರೆತಿದೆ" ಅಂದಳು ಅಕ್ಕ.

"ಸರಿ" ಅಂದರು ಭಾವ, ಕನ್ನಡದಲ್ಲಿ.

ಆಮೇಲೆ ಅಕ್ಕ ಕೈಮುಗಿದು, ಕಣ್ಣುಮುಚ್ಚಿ, ಆ ನೇಕಾರರ ಹೆಸರುಗಳನ್ನೆಲ್ಲ ಒಂದೊಂದಾಗಿ ಕರೆದಳು, ಊಟಕ್ಕೆ ಏಳಿ ಅನ್ನುವ ಹಾಗೆ. ಒಂದೂ ಚೀಟಿ ನೋಡಲಿಲ್ಲ. ಸ್ವಂತ ವಂಶದವರೇ ಮರೆತ ಹೆಸರುಗಳು, ಮೈಸೂರಿನ ಹೆಂಗಸೊಬ್ಬಳ ಬಾಯಲ್ಲಿ! ನನಗೆ ಅವಳ ಕಾಲಿಗೆ ಬೀಳೋಣ ಅನ್ನಿಸಿತು. ಬಿದ್ದು ಹೇಳಿಬಿಡೋಣ ಅನ್ನಿಸಿತು. ಹೇಳಲಿಲ್ಲ, ಎರಡು ವಡೆ ತಿಂದೆ.

ಬಾಯಿ ಬಿಡುವ ದಿನ ಬಂದದ್ದು ಅಡಿಲೇಡಿನಲ್ಲಿ. ಭಾವನ ಸೋದರತ್ತೆ ಅಲ್ಲಿದ್ದಾರೆ. ತೊಂಬತ್ತು ದಾಟಿದೆ, ಕಣ್ಣು ಹೆಚ್ಚು ಕಡಿಮೆ ಹೋಗಿದೆ. ಜೇಮ್ಸ್ ಅವರಿಗೆ ಸ್ವಂತ ತಾತ. ಅವರು ಹುಟ್ಟುವ ಮೊದಲೇ ಅಜ್ಜಿ ತೀರಿಕೊಂಡಿದ್ದರಿಂದ ಆಕೆಯ ಹೆಸರೂ ಗೊತ್ತಿಲ್ಲ. ಆ ಅಜ್ಜಿ ಯಾರು, ಎಲ್ಲಿಯವಳು ಅಂತ ಸಾಯುವ ಮೊದಲು ತಿಳಿದುಕೊಳ್ಳಬೇಕು ಅನ್ನುವುದೊಂದೇ ಅವರ ಆಸೆ. ಅತ್ತೆಯ ಹುಟ್ಟುಹಬ್ಬಕ್ಕೆ ಅಕ್ಕ ವಂಶವೃಕ್ಷ ಸುತ್ತಿಕೊಂಡು ಪರ್ತ್‌ನಿಂದ ಬಂದಳು. ಹೋಳಿಗೆ ಕಟ್ಟಿಕೊಂಡು ಬ್ರಿಸ್ಬೇನಿನಿಂದ ನಾನು ಹೋದೆ.

ಅಕ್ಕ ಓದಿ ಹೇಳಿದಳು. ಅತ್ತೆ ತಲೆ ಓರೆಮಾಡಿಕೊಂಡು ಕೇಳಿ, ಕೊನೆಗೆ ಮೆಲ್ಲಗೆ ಅಂದರು: "ಗುಡ್ಡಗಾಡಾ? ನಮ್ಮಪ್ಪ ಹೇಳ್ತಿದ್ದದ್ದು, ಅವರಮ್ಮ ಸಮುದ್ರದ ದಂಡೆಯವಳು, ಮೀನುಗಾರರ ಮಗಳು ಅಂತ."

ಅಕ್ಕ ಮತ್ತೆ ಕಾಗದ ನೋಡಿ, ದಾಖಲೆಯಲ್ಲಿ ಹೀಗೇ ಇದೆ ಅಂದಳು.

"ಹಾಗಾದ್ರೆ ನನಗೇ ಮರೆತಿರಬೇಕು ಮಗಳೇ" ಅಂದರು ಅತ್ತೆ. "ಈಗೀಗ ಎಲ್ಲ ಕಲಸಿಹೋಗುತ್ತೆ." ಮಡಿಲಲ್ಲಿದ್ದ ಕೈಗಳನ್ನು ಒಂದರೊಳಗೊಂದು ಸೇರಿಸಿಕೊಂಡರು.

ನೆಟ್ಟಗಿದ್ದ ನೆನಪನ್ನು ನಾನು ಮರೆವು ಮಾಡಿಬಿಟ್ಟಿದ್ದೆ. ಅಕ್ಕ ಟೀ ಮಾಡಲು ಎದ್ದಾಗ ಹಿಂದೆಯೇ ಅಡುಗೆಮನೆಗೆ ಹೋದೆ.

"ಅಕ್ಕ, ಎರಡು ಕಲ್ಲಿತ್ತು."

"ಯಾರಿಗೇ? ಕಿಡ್ನೀಲಾ?" ನರ್ಸು ತಟ್ಟನೆ ತಿರುಗಿದಳು.

"ಸ್ಮಶಾನದಲ್ಲಿ. ಇನ್ನೊಂದು ಕಲ್ಲಿತ್ತು. ಪಾಚಿ ಹಿಡಿದಿತ್ತು. ನಾನು ಬಿಟ್ಟು ಬಂದೆ."

ಅಕ್ಕ ಒಲೆ ಆರಿಸಿದಳು. "ಒಂದೇ ಇತ್ತು ಅಂದ್ಯಲ್ಲೇ."

"ಓದಕ್ಕೆ ಬರಲ್ಲ ಅನ್ನೋಕೆ ನಾಚಿಕೆ ಆಯ್ತು ಅಕ್ಕ."

"ಎರಡು ವರ್ಷ ಕಣೇ! ಯಾರ ಮನೆಯವರಿಗೋ ಎರಡು ವರ್ಷ ವಡೆ ಕರಿದು ಹಾಕಿದೀನಿ! ವಿಸ್ಕಿ ಬೇರೆ!" ಅವಳ ಮುಖ ಕೆಂಪಾಯಿತು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಬರಲಿಲ್ಲ. ಅವಳು ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ನೇರ ಹಜಾರಕ್ಕೆ ಹೋಗಿ, ಅತ್ತೆಯ ಮುಂದೆ ನೆಲದ ಮೇಲೆ ಕೂತಳು.

"ನಿಮ್ಮ ನೆನಪು ಸರಿಯಾಗಿರಬಹುದು. ತಪ್ಪು ನನ್ನದು. ಇನ್ನೊಂದು ಕಲ್ಲನ್ನ ನಾನು ನೋಡಲೇ ಇಲ್ಲ" ಅಂದಳು ಇಂಗ್ಲಿಷಿನಲ್ಲಿ.

ನನ್ನ ಹೆಸರು ಎತ್ತಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ, ಅವಳು ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು ಅನ್ನಿಸಿತು.

ಎರಡು ದಿನದ ಮೇಲೆ ಅಕ್ಕ ನನ್ನ ಜೊತೆಯಲ್ಲೇ ಬ್ರಿಸ್ಬೇನಿಗೆ ಬಂದಳು. ವಿಮಾನದಲ್ಲಿ ಅಳುಕುತ್ತ ಕೇಳಿದೆ: "ಆ ನೇಕಾರರನ್ನ ಏನ್ಮಾಡ್ತೀಯ?"

"ಏನ್ಮಾಡೋದು? ಪಂಕ್ತೀಲಿ ಕೂತವರನ್ನ ಎಬ್ಬಿಸ್ತಾರೇನೇ? ಇನ್ನೊಂದು ಎಲೆ ಹಾಕೋದು."

ಸ್ಮಶಾನದಲ್ಲಿ ಈ ಸಲ ಅಕ್ಕ ಮುಂದೆ, ನಾನು ಹಿಂದೆ. ಬಳ್ಳಿ ಬಿಡಿಸಿ, ಬರೀ ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ಕಲ್ಲನ್ನು ಮಗುವಿಗೆ ಎರೆಯುವ ಹಾಗೆ ತೊಳೆದಳು. ಆದರೂ ಅಕ್ಷರ ಕಾಣಲಿಲ್ಲ. ಅಕ್ಕಿಹಿಟ್ಟು ಸವರೋಣವೇ ಅಂದೆ. ಕಲ್ಲು ಹಾಳಾಗುತ್ತೆ ಅಂತ ಗದರಿ, ನನ್ನ ಊಟದ ಡಬ್ಬಿಯ ಸ್ಟೀಲ್ ಮುಚ್ಚಳ ಕಿತ್ತುಕೊಂಡು ಬಿಸಿಲಿಗೆ ಹಿಡಿದಳು. ಬೆಳಕು ಕಲ್ಲಿನ ಮೇಲೆ ಓರೆಯಾಗಿ ಬಿದ್ದದ್ದೇ, ಸವೆದ ಗೀರುಗಳೊಳಗೆ ನೆರಳು ತುಂಬಿಕೊಂಡು ಅಕ್ಷರಗಳು ಒಂದೊಂದಾಗಿ ಎದ್ದು ಬಂದವು!

ಅಕ್ಕ ಇನ್ನೊಂದು ಕೈಯಲ್ಲಿ ಅಡಿಲೇಡಿಗೆ ಫೋನ್ ಹಚ್ಚಿದಳು. "ಅತ್ತೆ ಕೇಳಿಸ್ಕೋತಿದಾರೆ. ಓದು."

"ನಾನಾ? ನೀನೇ ಓದಕ್ಕ, ನಂಗೆ..."

"ನನ್ನ ಕೈ ಖಾಲಿ ಇಲ್ಲ, ನೋಡು. ಎಷ್ಟು ಹೊತ್ತಾದ್ರೂ ಆಗ್ಲಿ. ಓದು."

ಮಂಡಿಯೂರಿದೆ. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಗಿ ಹೇಳಿದೆ. ಜೇಮ್ಸ್ ಬಂತು. ಕ್ಯಾಮರನ್ ಬಂತು. ಕೆಳಗೆ ಹೆಂಡತಿ ಐಸೊಬೆಲ್, ತೌರಿನ ಹೆಸರು ವಾಟ್ಸನ್. ಅದರ ಕೆಳಗೆ ಅವಳ ಹುಟ್ಟೂರು: ಸಿ, ಆರ್, ಎ, ಐ, ಎಲ್.

"ಕ್ರೇಲ್" ಅಂದಳು ಅಕ್ಕ. "ಸಮುದ್ರದ ದಂಡೆ ಮೇಲಿದೆ ಕಣೇ. ಮೀನುಗಾರರ ಊರು." ಅದನ್ನೇ ಇಂಗ್ಲಿಷಿನಲ್ಲಿ ಫೋನಿಗೆ ಹೇಳಿದಳು.

ಆ ಕಡೆಯಿಂದ ಅತ್ತೆ, "ಹಾಗಾದ್ರೆ ನನಗೆ ಮರೆತಿರಲಿಲ್ಲ" ಅಂದರು.

"ಇಲ್ಲ. ನಿಮಗೆ ಏನೂ ಮರೆತಿರಲಿಲ್ಲ" ಅಂದಳು ಅಕ್ಕ. "ಓದಿದ್ದು ನನ್ನ ತಂಗಿ."

"ಇನ್ನೊಂದು ಸಲ ಓದ್ತಾಳಾ ಕೇಳು" ಅಂದರು ಅತ್ತೆ.

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಇನ್ನೊಂದು ಸಲ ಓದು ಅಂತ ಕೇಳಿದ್ದಿಲ್ಲ. ಅಕ್ಕನ ಮುಖ ನೋಡಿದೆ. ಅವಳು ಮುಚ್ಚಳವನ್ನು ಸ್ವಲ್ಪ ಓರೆಮಾಡಿ, ಬೆಳಕನ್ನು ಮತ್ತೆ ಮೊದಲ ಸಾಲಿಗೆ ತಂದು ಹಿಡಿದಳು. ಈ ಸಲ ಬಿಡಿಬಿಡಿ ಅಕ್ಷರವಾಗಿ ಓದಲಿಲ್ಲ, ಹೆಸರಾಗಿಯೇ ಓದಿದೆ.