ನಮ್ಮ ಮಾವನ ಅಗ್ಗದ ಟಿಕೆಟ್ಟುಗಳು

ನಮ್ಮ ಮನೆಯಲ್ಲಿ ಯಾರಾದರೂ ಊರಿಗೆ ಹೊರಟರೆ ಒಂದು ಎಡವಟ್ಟು ಆಗಿಯೇ ತೀರುತ್ತದೆ. ಆಗದಿದ್ದರೆ ಅದನ್ನು ನಾವು ಪ್ರಯಾಣ ಅಂತಲೇ ಒಪ್ಪುವುದಿಲ್ಲ. ಇದಕ್ಕೆಲ್ಲ ಕಾರಣ ನಮ್ಮ ಮಾವ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಬೇರೆಯವರು ದೇವಸ್ಥಾನ ಹಿಡಿಯುತ್ತಾರೆ, ವಾಕಿಂಗ್ ಹಿಡಿಯುತ್ತಾರೆ. ಇವರು ರೈಲ್ವೆ ಟೈಂಟೇಬಲ್ ಹಿಡಿದರು. ಯಾವ ಊರಿಗೆ ಯಾವ ದಾರಿಯಲ್ಲಿ ಹೋದರೆ ಟಿಕೆಟ್ ಅಗ್ಗ ಎನ್ನುವುದೇ ಅವರಿಗೆ ಹಗಲೂ ಇರುಳೂ ಧ್ಯಾನ. ದುಡ್ಡಿಲ್ಲ ಅಂತಲ್ಲ, ಪಿಂಚಣಿ ಚೆನ್ನಾಗಿಯೇ ಬರುತ್ತದೆ. ಆದರೆ ಪಕ್ಕದ ಸೀಟಿನವನಿಗಿಂತ ಒಂದು ರೂಪಾಯಿ ಹೆಚ್ಚು ಕೊಟ್ಟರೂ ಅವರಿಗೆ ಸೋತ ಹಾಗೆ.

ನಾನು ಅವರ ಹಿರಿ ಸೊಸೆ. ಮನೆ ತುಮಕೂರಿನ ಶಿರಾ ಗೇಟ್ ಹತ್ತಿರ, ಕೆಲಸ ಗುಬ್ಬಿಯ ಹೈಸ್ಕೂಲಿನಲ್ಲಿ. ಮಾವನ ಈ ಚಟದಿಂದ ಹೆಚ್ಚು ಅನುಭವಿಸಿದವಳು ನಾನೇ ಅಂದುಕೊಂಡಿದ್ದೆ, ಅದು ನನ್ನ ಮೈದುನನ ಮದುವೆಗೇ ಕುತ್ತು ತರುವವರೆಗೆ. ಪಾಪ, ಮೂವತ್ನಾಲ್ಕು ದಾಟಿ, ನಾಲ್ಕೈದು ಸಂಬಂಧ ಕೈತಪ್ಪಿದ ಹುಡುಗ ಅವನು. ಅವನ ಕಥೆಯನ್ನು ಕೊನೆಗೆ ಹೇಳುತ್ತೇನೆ.

ಪಾಸು ಮತ್ತು ನಿದ್ದೆ

ಗುಬ್ಬಿಗೆ ಹೋಗಿ ಬರಲು ನನಗೆ ಸೀಸನ್ ಪಾಸ್ ಮಾಡಿಸಿಕೊಟ್ಟವರು ಮಾವನೇ. "ತುಮಕೂರಿಂದ ಗುಬ್ಬಿ, ಅಷ್ಟೇ. ಒಂದ್ ಸ್ಟೇಷನ್ ಆಚೆ ಕಾಲಿಟ್ರೆ ದಂಡ ಕಣಮ್ಮ" ಎಂದು ಮೊದಲ ದಿನವೇ ಎಚ್ಚರಿಸಿದ್ದರು.

ಒಂದು ದಿನ ರಾತ್ರಿ ಉತ್ತರ ಪತ್ರಿಕೆ ತಿದ್ದಿ ತಿದ್ದಿ ಸಾಕಾಗಿತ್ತು. ಬೆಳಿಗ್ಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು, ತಣ್ಣನೆ ಗಾಳಿ ಬೇರೆ. ಕಣ್ಣು ಬಿಟ್ಟಾಗ ಎದುರಿಗೆ ಟಿ.ಸಿ. ನಿಂತಿದ್ದರು, ಹೊರಗೆ ತಿಪಟೂರು ಅಂತ ಬೋರ್ಡ್ ನಿಂತಿತ್ತು.

"ಮೇಡಂ, ನಿಮ್ ಪಾಸ್ ಗುಬ್ಬಿವರ್ಗೆ ತಾನೆ?"

"ಹೌದು ಸಾರ್. ಪಾಸ್ ಗುಬ್ಬಿವರ್ಗೇ. ನಿದ್ದೆ ತಿಪಟೂರುವರ್ಗೂ ಬಂದ್ಬಿಡ್ತು."

ಅವರಿಗೆ ನಗು ಬಂತು, ಆದರೂ ದಂಡ ಬಿಡಲಿಲ್ಲ. ಶಾಲೆಗೆ ಎರಡು ಪೀರಿಯಡ್ ತಡವಾಗಿ ಹೋಗಿ ಹೆಡ್‌ಮಿಸ್ ಬಾಯಿಗೆ ಬಿದ್ದೆ. ಸಂಜೆ ಮನೆಗೆ ಬಂದು ಹೇಳಿದರೆ ಮಾವ ತುಂಬಾ ಹೊತ್ತು ಯೋಚಿಸಿದರು. ನನ್ನ ಸುಸ್ತು ನೋಡಿ ಕನಿಕರ ಬಂದಿರಬೇಕು ಅಂದುಕೊಂಡೆ.

"ನಾಳೆಯಿಂದ ನಿಂತ್ಕೊಂಡೇ ಹೋಗಮ್ಮ. ಪಾಸಿಗೆ ಕೂತ್ಕೊಂಡ್ರೂ ಅಷ್ಟೇ ರೇಟು, ನಿಂತ್ಕೊಂಡ್ರೂ ಅಷ್ಟೇ ರೇಟು" ಎಂದರು.

ಪ್ಲಾಟ್‌ಫಾರಂ ಮೇಲೆ ಮೊಬೈಲ್ ಟಿಕೆಟ್

ಒಮ್ಮೆ ಮೈದುನ ಮಾವನ ಮೊಬೈಲಿಗೆ ಟಿಕೆಟ್ಟಿನ ಆ್ಯಪ್ ಹಾಕಿಕೊಟ್ಟ. ಕೌಂಟರಿನಲ್ಲಿ ಸಾಲು ನಿಲ್ಲುವ ಹಾಗಿಲ್ಲ, ಸ್ವಲ್ಪ ಬೋನಸ್ ಕೂಡ ಸಿಗುತ್ತದೆ ಎಂದು ಕೇಳಿ ಮಾವನಿಗೆ ಹಿಗ್ಗೋ ಹಿಗ್ಗು. ಬೆಂಗಳೂರಿಗೆ ಹೊರಟವರು ಕೌಂಟರಿನ ಸಾಲನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡುತ್ತಾ ನೇರ ಪ್ಲಾಟ್‌ಫಾರಮ್ಮಿಗೆ ನಡೆದು, ಬೆಂಚಿನ ಮೇಲೆ ಕೂತು ಮೊಬೈಲ್ ಒತ್ತಿದರು.

ಸ್ಟೇಷನ್ ಒಳಗೆ, ಹಳಿಯ ಹತ್ತಿರ ಕೂತು ಟಿಕೆಟ್ ತೆಗೆಯುವ ಹಾಗಿಲ್ಲ, ದೂರ ಹೋಗಿ ಎಂದಿತು ಆ್ಯಪ್. ಟಿ.ಸಿ.ಯನ್ನು ಕಂಡ ಮೇಲೆ ಟಿಕೆಟ್ ತೆಗೆಯುವ ಜಾಣರಿಗಾಗಿ ಮಾಡಿದ ನಿಯಮ ಅದು. ಮಾವ ಹತ್ತು ಹೆಜ್ಜೆ ಹಿಂದೆ ಹೋದರು. ಆಗಲಿಲ್ಲ. ಗೇಟಿನಿಂದ ಆಚೆ ಬಂದರು. ಆಗಲಿಲ್ಲ. ಮೊಬೈಲನ್ನು ಆರತಿ ತಟ್ಟೆಯ ಹಾಗೆ ಎತ್ತಿ ಹಿಡಿದು, ಆಟೋ ಸ್ಟ್ಯಾಂಡ್ ದಾಟಿ, ರಸ್ತೆ ದಾಟಿ, ಹೋಟೆಲ್ ಮುಂದೆ ಬಂದು ನಿಂತಾಗ ಟಿಕೆಟ್ ಬಂತು. ಅದೇ ಹೊತ್ತಿಗೆ ಹಿಂದೆ ರೈಲಿನ ಕೂಗೂ ಕೇಳಿಸಿತು.

ಓಡಿ ಬಂದು ನೋಡಿದರೆ ಕೊನೆಯ ಬೋಗಿಯ ಬೆನ್ನು ಕಾಣುತ್ತಿತ್ತಂತೆ. ಕಾಫಿ ಕುಡಿದು ಮನೆಗೆ ವಾಪಸ್ ಬಂದರು.

"ಯಾಕ್ ಮಾವ, ಟಿಕೆಟ್ ಸಿಗ್ಲಿಲ್ವಾ?" ಎಂದೆ.

"ಸಿಕ್ತು ಕಣಮ್ಮ. ಆದ್ರೆ ರೈಲ್ ಇರೋ ಕಡೆ ಟಿಕೆಟ್ ಸಿಗಲ್ಲ, ಟಿಕೆಟ್ ಸಿಗೋ ಕಡೆಗೆ ರೈಲ್ ಬರಲ್ಲ."

ಜಿಲ್ಲಾ ಕೇಂದ್ರದ ಹಕ್ಕು

ಬೆಂಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಎರಡು ದಾರಿ. ಕುಣಿಗಲ್ ಮೇಲೆ ಹೋದರೆ ಹತ್ತಿರ, ಟಿಕೆಟ್ಟೂ ಕಮ್ಮಿ. ತುಮಕೂರು, ಅರಸೀಕೆರೆ ಮೇಲೆ ಹೋದರೆ ಸುತ್ತು, ಟಿಕೆಟ್ಟೂ ಜಾಸ್ತಿ. ಮಾವನಿಗೆ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಿದ್ದೆವು. ಮಾರನೆಯ ದಿನ ಹಾಸನದಲ್ಲಿ ನೆಂಟರ ಗೃಹಪ್ರವೇಶ. ಮಾವ ಕುಣಿಗಲ್ ಮೇಲಿನ ಅಗ್ಗದ ಟಿಕೆಟ್ ತಗೊಂಡು, ನನ್ನನ್ನೂ ಕರೆದುಕೊಂಡು ತುಮಕೂರಿನ ರೈಲು ಹತ್ತಿದರು. ತುಮಕೂರಿನಲ್ಲಿ ಇಳಿದು, ಮನೆಯಲ್ಲಿ ಮಲಗಿ, ಒಳ್ಳೆ ಬಟ್ಟೆ ಹಾಕಿಕೊಂಡು ಅದೇ ಟಿಕೆಟ್ಟಿನಲ್ಲಿ ಹಾಸನಕ್ಕೆ ಮುಂದುವರಿಯುವುದು ಅವರ ಪ್ಲಾನು.

ಟಿ.ಸಿ. ಟಿಕೆಟ್ ನೋಡಿ, "ಯಜಮಾನ್ರೇ, ಇದು ವಯಾ ಕುಣಿಗಲ್. ಈ ದಾರೀಲಿ ನಡಿಯಲ್ಲ" ಎಂದರು.

ಮಾವ ಕನ್ನಡಕ ಸರಿಮಾಡಿಕೊಂಡರು. ತಾಲ್ಲೂಕು ಕಚೇರಿ ಮೈಮೇಲೆ ಬಂತು.

"ಕುಣಿಗಲ್ ಯಾವ್ ಜಿಲ್ಲೆ ಸ್ವಾಮಿ?"

"ತುಮಕೂರು ಜಿಲ್ಲೆ."

"ಕುಣಿಗಲ್ ಬರೀ ತಾಲ್ಲೂಕು, ತುಮಕೂರು ಜಿಲ್ಲಾ ಕೇಂದ್ರ. ತಾಲ್ಲೂಕಲ್ಲಿ ನಡಿಯೋ ಕಾಗದ ಜಿಲ್ಲಾ ಕೇಂದ್ರದಲ್ಲಿ ನಡಿಯಲ್ಲ ಅಂತ ಯಾವ್ ಕಾನೂನಲ್ಲಿದೆ? ಮೂವತ್ ವರ್ಷ ಸರ್ವೀಸ್ ಮಾಡಿದೀನಿ, ನಾನ್ ಕಂಡಿಲ್ಲ."

ಇಡೀ ಬೋಗಿ ನಮ್ಮ ಕಡೆ ತಿರುಗಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಟಿ.ಸಿ. ಮಾತ್ರ ತಾಳ್ಮೆಯ ಮನುಷ್ಯ.

"ಹಂಗಾದ್ರೆ ಪಾವಗಡನೂ ತುಮಕೂರು ಜಿಲ್ಲೇನೇ. ಅಲ್ಲಿಗೂ ಇದೇ ಟಿಕೆಟ್ಟಲ್ಲಿ ಹೋಗ್ತೀರಾ?"

ಮಾವ ಜಗಳವನ್ನೇ ಮರೆತು ಜೇಬಿನಿಂದ ಪೆನ್ನು ತೆಗೆದರು. "ಪಾವಗಡಕ್ಕೆ ರೈಲ್ ಯಾವಾಗ್ ಬಿಟ್ರಿ? ಟಿಕೆಟ್ ಎಷ್ಟು?"

ಅತ್ತೆ ಗೆದ್ದದ್ದು

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದ ಮೊದಲ ವಾರ. ಗುಬ್ಬಿಯಲ್ಲಿರುವ ತಂಗಿಯನ್ನು ನೋಡಿಕೊಂಡು ಬರಲು ಅತ್ತೆ ಹೊರಟಿದ್ದರು. ಯಾವ ರೈಲಿಗೆ ಕಮ್ಮಿ ರೇಟು ಎಂದು ಮಾವ ಚೀಟಿಯಲ್ಲಿ ಬರೆದುಕೊಟ್ಟರು. ಅತ್ತೆ ಚೀಟಿಯನ್ನು ಮಡಚಿ ಅವರ ಜೇಬಿಗೇ ತುರುಕಿ, ಆಧಾರ್ ಕಾರ್ಡ್ ತೋರಿಸಿ, "ನಂಗಿದು ಸಾಕು" ಎಂದು ಬಸ್ಸು ಹತ್ತಿದರು.

ಅಲ್ಲಿಯವರೆಗೆ ಈ ಮನೆಯಲ್ಲಿ ಅತಿ ಕಡಿಮೆಗೆ ಓಡಾಡುತ್ತಿದ್ದವರು ಮಾವ. ಒಂದೇ ದಿನದಲ್ಲಿ ಪಟ್ಟ ಹೋಯಿತು. ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಕೂತಾಗ ಹೇಳಿದರು.

"ಫ್ರೀ ಬೇರೆ, ಅಗ್ಗ ಬೇರೆ ಕಣೇ. ಫ್ರೀ ಅವ್ರು ಕೊಟ್ಟಿದ್ದು. ಅಗ್ಗ ನಾವ್ ತಲೆ ಓಡ್ಸಿ ಹುಡ್ಕಿದ್ದು."

"ನಿಮ್ ತಲೆ ಓಡ್ಲಿ ಬಿಡಿ, ನಾನ್ ಬಸ್ಸಲ್ಲಿ ಕೂತ್ಕೊಂಡ್ ಹೋಗ್ತೀನಿ" ಎಂದರು ಅತ್ತೆ, ಇನ್ನೊಂದು ಸೌಟು ಸಾರು ಬಡಿಸುತ್ತಾ.

ಕುಣಿಗಲ್ಲಿನಲ್ಲಿ ಹೆಣ್ಣು ನೋಡಿದ್ದು

ಇನ್ನು ಮೈದುನನ ಕಥೆ. ಕುಣಿಗಲ್ಲಿನಿಂದ ಒಂದು ಸಂಬಂಧ ಬಂತು. ಹುಡುಗಿ ಅಲ್ಲೇ ಲ್ಯಾಬ್ ಟೆಕ್ನಿಷಿಯನ್. ಫೋಟೋ ನೋಡಿ ಮೈದುನ ಊಟ ಮಾಡುವುದನ್ನೇ ಮರೆತಿದ್ದ. ಇದೂ ತಪ್ಪಿದರೆ ಇನ್ನು ಮದುವೆಯ ಮಾತೇ ಬೇಡ ಎಂದು ಬೇರೆ ಹೇಳಿಬಿಟ್ಟಿದ್ದ.

ತುಮಕೂರಿನಿಂದ ಕುಣಿಗಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ಮಾವ ಮಾತ್ರ ರೈಲಿನಲ್ಲೇ ಹೋಗೋಣ ಎಂದರು.

"ಕುಣಿಗಲ್‌ಗೆ ಇಲ್ಲಿಂದ ರೈಲೇ ಇಲ್ವಲ್ಲ ಮಾವ!"

"ಯಾಕಿಲ್ಲ? ಯಶವಂತಪುರಕ್ಕೆ ಹೋಗಿ ಹಾಸನದ ರೈಲ್ ಹತ್ತಿದ್ರೆ ಆಯ್ತು. ಲೆಕ್ಕ ಹಾಕಿದೀನಿ, ಬಸ್ಸಿಗಿಂತ ಕಮ್ಮಿ."

"ಹೆಣ್ ನೋಡೋಕೆ ಹೋಗ್ತಿದೀವೋ, ಹೆಣ್ಣಿನ ಮನೆಗೆ ಪ್ರದಕ್ಷಿಣೆ ಹಾಕೋಕೆ ಹೋಗ್ತಿದೀವೋ?" ಎಂದು ಅತ್ತೆ ರೇಗಿದರು. ಕೊನೆಗೆ ರಾಜಿಯಾಯಿತು. ನಾನೂ ಅತ್ತೆಯೂ ಬಸ್ಸಿನಲ್ಲಿ, ಮಾವನೂ ಮೈದುನನೂ ಬೆಳಗ್ಗೆಯೇ ಎದ್ದು ರೈಲಿನಲ್ಲಿ. ನಮ್ಮ ಯಜಮಾನರಿಗೆ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ, ಬದುಕಿಕೊಂಡರು.

ನಾವು ಹೋದಾಗ ಹೆಣ್ಣಿನ ಮನೆಯಲ್ಲಿ ಕೇಸರಿಬಾತು ಘಮಘಮ ಅನ್ನುತ್ತಿತ್ತು. ಅಷ್ಟರಲ್ಲಿ ಮಾವನ ಫೋನು. "ಯಶವಂತಪುರದಲ್ಲಿ ಪ್ಯಾಸೆಂಜರ್ ತಪ್ಪೋಯ್ತು. ಪರವಾಗಿಲ್ಲ, ಹಿಂದೇನೇ ಇನ್ನೊಂದ್ ಬಂತು, ಹತ್ತಿದೀವಿ. ಮೊಬೈಲಲ್ಲಿ ನೋಡ್ದೆ, ಕುಣಿಗಲ್ ಹೆಸ್ರೂ ಇದೆ."

ಹುಡುಗಿಯ ತಂದೆ ಮರ್ಯಾದಸ್ಥರು. ಗಂಡಿನ ಕಡೆಯವರನ್ನು ಸ್ಟೇಷನ್ನಿನಿಂದಲೇ ಕರೆತರಬೇಕು ಎಂದರು. ಆ ಮನೆಯಲ್ಲಿ ಕಾರು ಓಡಿಸಲು ಬರುವುದು ಹುಡುಗಿಗೆ ಮಾತ್ರ. ಹಾಗಾಗಿ ರೇಷ್ಮೆ ಸೀರೆಯಲ್ಲೇ ಅವಳು ಸ್ಟೀರಿಂಗ್ ಹಿಡಿದಳು. ಗುರುತು ತೋರಿಸಲು ನಾನೂ ಜೊತೆಗೆ ಹೋದೆ.

ಮೂವರೂ ಪ್ಲಾಟ್‌ಫಾರಮ್ಮಿನಲ್ಲಿ ಕಾಯುತ್ತಿದ್ದಾಗ ರೈಲು ಕಾಣಿಸಿತು. ಹುಡುಗಿಯ ತಂದೆ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿ ನಿಂತರು. ರೈಲು ಸ್ವಲ್ಪ ನಿಧಾನವಾಯಿತು. ಆದರೆ ನಿಲ್ಲಲಿಲ್ಲ. ಅದು ಕುಣಿಗಲ್ ದಾಟಿಕೊಂಡು ಹೋಗುವ ರೈಲು, ಕುಣಿಗಲ್ಲಿನಲ್ಲಿ ನಿಲ್ಲುವ ರೈಲಲ್ಲ. ಮಾವ ಹೆಸರು ನೋಡಿದ್ದರು, ಹೆಸರಿನ ಮುಂದೆ ನಿಲ್ಲುವ ಸಮಯ ಇದೆಯೋ ಇಲ್ಲವೋ ನೋಡಿರಲಿಲ್ಲ.

ಬೋಗಿಯ ಬಾಗಿಲಲ್ಲಿ ಮಾವ ಕಂಡರು. ಒಂದು ಕಾಲು ಒಳಗೆ, ಒಂದು ಕಾಲು ಗಾಳಿಯಲ್ಲಿ. "ನಿಲ್ಸ್ರೋ! ಕುಣಿಗಲ್ ಬಂತು ಕಣ್ರೋ, ನಿಲ್ಸ್ರೋ!" ಹಿಂದೆ ಇಸ್ತ್ರಿ ಶರ್ಟಿನ ಮೈದುನ, ಅಪ್ಪ ಎಲ್ಲಿ ಹಾರಿಬಿಡುತ್ತಾರೋ ಎಂದು ಎರಡೂ ಕೈಯಿಂದ ಅವರ ಸೊಂಟ ತಬ್ಬಿ ಹಿಡಿದಿದ್ದ. ನಮ್ಮನ್ನು ಕಂಡ. ನಮಸ್ಕಾರ ಮಾಡಬೇಕು, ಕೈ ಬಿಡುವ ಹಾಗಿಲ್ಲ. ಅಪ್ಪನ ಬೆನ್ನಿಗೇ ತಲೆ ಬಾಗಿಸಿದ. ರೈಲು ಹೊರಟೇಹೋಯಿತು.

ಹುಡುಗಿಯ ತಂದೆಯ ಕೈ ಇನ್ನೂ ಜೋಡಿಸಿದ ಹಾಗೇ ಇತ್ತು. "ಅವ್ರೇನಾ?"

"ಹೌದು ಸಾರ್."

"ಎಲ್ಲಿಗ್ ಹೋಗ್ತಿದಾರೆ?"

"ಹಾಸನಕ್ಕೆ ಅನ್ಸುತ್ತೆ."

ವಾಪಸ್ ಕಾರು ಹತ್ತಿದೆವು. ನನಗೆ ಅಳುವೇ ಬರುವಂತಿತ್ತು. ಈ ಸಂಬಂಧವೂ ಹೋಯಿತು, ಮೈದುನನಿಗೆ ಯಾವ ಮುಖದಲ್ಲಿ ಹೇಳಲಿ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹುಡುಗಿ ಕೇಳಿದಳು.

"ಅಕ್ಕ, ಹಿಂದೆ ಹಿಡ್ಕೊಂಡಿದ್ರಲ್ಲ, ಅವ್ರೇನಾ ಹುಡುಗ?"

"ಹೂಂ ಕಣಮ್ಮ."

"ಅಷ್ಟ್ ಜನದ ಮುಂದೆ ಮಾನ ಹೋಗ್ತಿದ್ರೂ ಅಪ್ಪನ್ ಮೇಲೆ ರೇಗ್ಲಿಲ್ಲ, ಕೈನೂ ಬಿಡ್ಲಿಲ್ಲ. ನಂಗೆ ಒಪ್ಗೆ" ಎಂದು ಗೇರ್ ಬದಲಾಯಿಸಿದಳು.

ಅಪ್ಪ ಮಗ ಹಾಸನದಲ್ಲಿ ಇಳಿದು, ದಂಡ ಕಟ್ಟಿ, ಬಸ್ ಹಿಡಿದು ಸಂಜೆಗೆ ಬಂದು ತಲುಪಿದರು. ಕೇಸರಿಬಾತು ಆರಿ ಗಟ್ಟಿಯಾಗಿತ್ತು. ಆದರೂ ಮೈದುನ ಎರಡು ಸಲ ಹಾಕಿಸಿಕೊಂಡು ತಿಂದ. ಮಾತುಕತೆ ಮುಗಿದ ಮೇಲೆ ಹುಡುಗಿಯ ತಂದೆ ಗಂಟಲು ಸರಿಮಾಡಿಕೊಂಡರು.

"ನಮ್ದು ಬೇರೇನೂ ಇಲ್ಲ ಸಾರ್, ಒಂದೇ ಷರತ್ತು. ದಿಬ್ಬಣ ಬಸ್ಸಲ್ಲೇ ಬರ್ಬೇಕು. ತುಮಕೂರಿಂದ ಸೀದಾ ಕುಣಿಗಲ್ ರಸ್ತೆ. ಬೇರೆ ಯಾವ್ ದಾರೀಲಿ ಬಂದ್ರೂ ನಾವು ಹೆಣ್ ಕೊಡಲ್ಲ."

ಎಷ್ಟೋ ಟಿ.ಸಿ.ಗಳ ಜೊತೆ ವಾದ ಮಾಡಿದ್ದ ಮಾವ ಒಂದೇ ಮಾತಿಗೆ ಒಪ್ಪಿ ತಲೆಯಾಡಿಸಿದರು. ಮನುಷ್ಯ ಕೊನೆಗೂ ಬದಲಾದರಲ್ಲ ಎಂದು ನನಗೆ ಸಮಾಧಾನವಾಯಿತು. ಎಲ್ಲರೂ ವಾಪಸ್ ಬಸ್ಸು ಹತ್ತಿದೆವು. ಹೆಬ್ಬೂರು ದಾಟಿದ ಮೇಲೆ ನನ್ನ ಕಡೆ ಮೆಲ್ಲಗೆ ಬಗ್ಗಿದರು.

"ಅವ್ರ್ ಹೇಳಿದ್ದು ದಿಬ್ಬಣ ಹೋಗೋದಕ್ ತಾನೆ ಕಣಮ್ಮ? ವಾಪಸ್ ಬರೋದಕ್ ಏನೂ ಹೇಳ್ಲಿಲ್ವಲ್ಲ?"